ಬೆನ್ನಿಗೆ ಮಣ್ಣು ತಾಗುವವರೆಗೆ

ದಾವಣಗೆರೆಯಿಂದ ದಕ್ಷಿಣಕ್ಕೆ ಹೊರಡುವ ಹದಡಿ ರಸ್ತೆ ನಗರದ ಗದ್ದಲ ದಾಟಿದ ಮೇಲೆ ಭದ್ರಾ ನಾಲೆಯ ನೀರುಂಡ ಗದ್ದೆ, ತೋಟಗಳ ಸೀಮೆಯನ್ನು ಹೊಗುತ್ತದೆ. ಈ ಭಾಗದಲ್ಲಿ ಊರದೇವತೆಯ ಜಾತ್ರೆ ಎಂದರೆ ತೇರು, ಬಳೆ ಅಂಗಡಿ, ಮಂಡಕ್ಕಿ ಮೆಣಸಿನಕಾಯಿಯ ಜೊತೆಗೆ ಬಯಲು ಕುಸ್ತಿಯೂ ಇರಬೇಕೆಂಬುದು ಹಳೆಯ ರೂಢಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೊರ ಜಿಲ್ಲೆಗಳಿಂದಲೂ ಪೈಲ್ವಾನರು ಬರುತ್ತಾರೆ. ಹದಡಿಯ ಸುತ್ತಿನಂಥ ಹಳ್ಳಿಗಳ ಸಣ್ಣ ಜಾತ್ರೆಗಳಿಗೆ ಅಷ್ಟು ದೊಡ್ಡ ಹೆಸರಿಲ್ಲ. ಅಲ್ಲಿ ಅಖಾಡಕ್ಕಿಳಿಯುವವರಲ್ಲಿ ಅಕ್ಕಪಕ್ಕದ ಊರಿನ ಹುಡುಗರೇ ಹೆಚ್ಚು.

ಹಲಗೆ ಬಡಿತದ ನಡುವೆ ಹದಿನಾರು ಹದಿನೇಳರ ಹುಡುಗನೊಬ್ಬ ಲಂಗೋಟಿ ಬಿಗಿದು, ಒಂದು ಹಿಡಿ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಒಳಗಿಳಿಯುವಾಗ ಸುತ್ತಲಿನ ಜನ ಕೇಕೆ ಹಾಕುತ್ತಾರೆ. ಅವನ ತಂದೆಯೂ ಅಲ್ಲೇ ಎಲ್ಲೋ ನಿಂತಿರುತ್ತಾನೆ. ಅವನಿಗೆ ಮಗನ ಗೆಲುವಿನ ಆಸೆ ಇದ್ದೇ ಇರುತ್ತದೆ. ಆದರೆ ಎದುರಾಳಿ ಮಗನನ್ನು ಸೊಂಟದ ಮೇಲಕ್ಕೆತ್ತಿದ ಕ್ಷಣದಲ್ಲಿ ಆತನ ಕಣ್ಣು ಹೋಗುವುದು ಬೆಳ್ಳಿ ಕಡಗದ ಕಡೆಗಲ್ಲ, ಹುಡುಗನ ಕತ್ತಿನ ಕಡೆಗೆ.

ಈ ಭಯ ಹೊಸದಲ್ಲ. ಮನುಷ್ಯ ಮನುಷ್ಯನ ಮೈಮೇಲೆ ಬೀಳುವ ಆಟಗಳೆಲ್ಲ ಅದರ ಜೊತೆಯಲ್ಲೇ ಬೆಳೆದಿವೆ. ಬಲಪ್ರದರ್ಶನ ಎಲ್ಲಿಗೆ ಮುಗಿಯಬೇಕು, ಹಿಂಸೆ ಎಲ್ಲಿಂದ ಆರಂಭವಾಗುತ್ತದೆ ಎಂಬ ಗೆರೆಯನ್ನು ಪ್ರತಿಯೊಂದು ಕಾಲವೂ ತನ್ನದೇ ರೀತಿಯಲ್ಲಿ ಎಳೆದುಕೊಂಡಿದೆ. ಕನ್ನಡ ನಾಡಿನ ಕುಸ್ತಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಟದಲ್ಲಿ ಎಷ್ಟು ಪೆಟ್ಟಾಗುತ್ತದೆ ಎಂಬುದು ಆಡುವವರ ಕ್ರೌರ್ಯಕ್ಕಿಂತ ಹೆಚ್ಚಾಗಿ, ಗೆಲುವು ಎಂದರೆ ಏನು ಎಂದು ಆಡಿಸುವವರು ಗೊತ್ತುಮಾಡಿರುತ್ತಾರೋ ಅದನ್ನು ಅವಲಂಬಿಸಿದೆ.

ಯುದ್ಧದ ಬದಲಿಗೆ ಕುಸ್ತಿ

ಕನ್ನಡದ ಆದಿಕವಿ ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಯರ ಪ್ರಸಂಗ ಬರುತ್ತದೆ. ಅಣ್ಣ ತಮ್ಮಂದಿರ ಸೇನೆಗಳು ಎದುರುಬದುರು ನಿಂತಿವೆ. ಇಬ್ಬರ ಹಟಕ್ಕೆ ಸಾವಿರಾರು ಜನ ಸಾಯುವುದು ಬೇಡವೆಂದು ಮಂತ್ರಿಗಳು ಧರ್ಮಯುದ್ಧದ ಸಲಹೆ ಕೊಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಪಂದ್ಯಗಳಲ್ಲಿ ಗೆದ್ದವನೇ ಗೆದ್ದ ಹಾಗೆ. ಇಲ್ಲಿ ಕುಸ್ತಿ ಬರುವುದು ರಕ್ತಪಾತವನ್ನು ತಪ್ಪಿಸುವ ಉಪಾಯವಾಗಿ ಎಂಬುದನ್ನು ಗಮನಿಸಬೇಕು.

ಮೂರರಲ್ಲೂ ಬಾಹುಬಲಿಯ ಕೈ ಮೇಲಾಗುತ್ತದೆ. ಮಲ್ಲಯುದ್ಧದಲ್ಲಿ ಅವನು ಭರತನನ್ನು ಅನಾಮತ್ತಾಗಿ ಮೇಲಕ್ಕೆತ್ತಿಬಿಡುತ್ತಾನೆ. ಅಲ್ಲಿಂದ ನೆಲಕ್ಕೆ ಅಪ್ಪಳಿಸುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಎತ್ತಿರುವುದು ಅಣ್ಣನನ್ನು ಎಂಬ ಅರಿವಿನಿಂದ ಹಾಗೆ ಮಾಡುವುದಿಲ್ಲ. ಸೋತ ಅವಮಾನವನ್ನು ತಾಳಲಾರದ ಭರತ ಒಪ್ಪಂದವನ್ನು ಮುರಿದು ಚಕ್ರರತ್ನವನ್ನೇ ತಮ್ಮನ ಮೇಲೆ ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಗೆ ಏನೂ ಮಾಡಲಿಲ್ಲ. ಆದರೆ ಗೆದ್ದವನಿಗೆ ಗೆಲುವೇ ಬೇಡವಾಯಿತು. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವುದು ಹೀಗೆ ಗೆದ್ದೂ ಬಿಟ್ಟುಕೊಟ್ಟವನ ಮೂರ್ತಿ.

ಪಂಪನ ನಂತರ ಬಂದ ರನ್ನ ತನ್ನ ‘ಗದಾಯುದ್ಧ’ದಲ್ಲಿ ಇದಕ್ಕೆ ವಿರುದ್ಧವಾದ ಪ್ರಸಂಗವನ್ನು ಎತ್ತಿಕೊಂಡ. ಗದೆಯ ಕಾಳಗದಲ್ಲಿ ಹೊಕ್ಕುಳಿನಿಂದ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮ ದುರ್ಯೋಧನನ ತೊಡೆ ಮುರಿದದ್ದು ಆ ನಿಯಮವನ್ನು ಮೀರಿ. ಭೀಮನಿಗೆ ಎಷ್ಟೇ ಕಾರಣಗಳಿದ್ದರೂ ಆ ಪೆಟ್ಟು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ಹರಿಕಥೆಯಲ್ಲಿ, ತಾಳಮದ್ದಲೆಯಲ್ಲಿ ಮುಗಿದಿಲ್ಲ. ಸೆಣಸಾಟಕ್ಕೆ ಗೆರೆ ಇರಬೇಕು, ಅದನ್ನು ದಾಟಿದವನು ಗೆದ್ದರೂ ಅವನ ಗೆಲುವಿಗೆ ಕಲೆ ಅಂಟಿಕೊಳ್ಳುತ್ತದೆ ಎಂಬ ಭಾವನೆ ಈ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಗಟ್ಟಿಯಾಗಿತ್ತು ಎಂಬುದಕ್ಕೆ ಈ ಎರಡು ಕಾವ್ಯಗಳೇ ಸಾಕ್ಷಿ.

ಅರಮನೆಯ ಮಲ್ಲರು

ಕಾವ್ಯದಿಂದ ಶಾಸ್ತ್ರಕ್ಕೆ ಬಂದರೆ ಸಿಗುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರು. ಅವನ ಬಿರುದೇ ‘ಭೂಲೋಕಮಲ್ಲ’. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಅವನ ಹೆಸರಿನಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಬೇಟೆ, ಸಂಗೀತಗಳ ಹಾಗೆಯೇ ಮಲ್ಲವಿನೋದಕ್ಕೂ ಒಂದು ಭಾಗ ಮೀಸಲಾಗಿದೆ. ಕುಸ್ತಿ ಆಗ ಅರಮನೆಯ ಪೋಷಣೆಯಲ್ಲಿದ್ದ ವಿದ್ಯೆ ಎಂಬುದು ಅದರಿಂದ ತಿಳಿದುಬರುತ್ತದೆ.

ಆ ಗ್ರಂಥದಲ್ಲಿ ಮಲ್ಲರ ಆಹಾರದ ವಿವರವಿದೆ, ಪಟ್ಟುಗಳ ವಿವರವಿದೆ. ಭಾರ ಎತ್ತುವುದು, ನಡೆದಾಟ, ಈಜು, ಕಂಬದ ಸಾಮು ಹೀಗೆ ದೇಹವನ್ನು ಹದಗೊಳಿಸುವ ಅಭ್ಯಾಸಗಳ ಕ್ರಮವಿದೆ. ಮಲ್ಲರನ್ನು ಮೈಕಟ್ಟು, ಶಕ್ತಿ, ವಯಸ್ಸುಗಳಿಗೆ ಅನುಸಾರವಾಗಿ ಬೇರೆ ಬೇರೆ ವರ್ಗಗಳಾಗಿ ವಿಂಗಡಿಸಲಾಗಿದೆ. ಎಳೆಯನನ್ನು ಪಳಗಿದವನ ಎದುರು ನಿಲ್ಲಿಸಬಾರದು, ಮೈ ಹದಗೊಳ್ಳದೆ ಅಖಾಡಕ್ಕೆ ಇಳಿಸಬಾರದು ಎಂಬ ವಿವೇಕ ಈ ವಿಂಗಡಣೆಯ ಹಿಂದೆ ಇದೆ.

ಆದರೆ ಅರಮನೆಯ ಪೋಷಣೆಗೆ ಇನ್ನೊಂದು ಮುಖವೂ ಇತ್ತು. ಸಾಕುವ ದೊರೆಗೆ ನೋಡುವ ಚಪಲವೂ ಇರುತ್ತದೆ. ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಲ್ಲರ ಕಾಳಗವನ್ನು ವರ್ಣಿಸಿದ್ದಾನೆ. ಅವನು ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ. ಇದು ತಮ್ಮ ದೇಶದ ಕುಸ್ತಿಯಂಥದ್ದಲ್ಲ ಎಂದು ಅವನು ಬೆರಗಾಗುತ್ತಾನೆ. ಹಲ್ಲು ಉದುರುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಪೆಟ್ಟುಗಳು ಬೀಳುತ್ತಿದ್ದವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತು ಒಯ್ಯುತ್ತಿದ್ದರು. ಅಂಥ ಕಾಳಗದಲ್ಲೂ ಇಬ್ಬರನ್ನು ಸರಿಸಮವಾಗಿ ನಿಲ್ಲಿಸಿ, ಗೆದ್ದವನಿಗೆ ಮರ್ಯಾದೆ ಸಲ್ಲುವಂತೆ ನೋಡಿಕೊಳ್ಳುವ ತೀರ್ಪುಗಾರರು ಇದ್ದರು ಎಂಬುದನ್ನೂ ಅವನು ಬರೆದಿಟ್ಟಿದ್ದಾನೆ.

ಒಂದೂವರೆ ದಶಕದ ಅನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್ ವರ್ತಕ ನೂನಿಜ್ ಹೇಳುವುದು ಇನ್ನೂ ವಿಚಿತ್ರವಾಗಿದೆ. ಮಲ್ಲರು ಮೊನೆಗಳಿರುವ ಬಳೆಯಂಥ ಆಯುಧವನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಹೆಚ್ಚು ಗಾಯಗೊಂಡವನು ಹೋಗಿ ರಾಜನಿಂದ ರೇಷ್ಮೆ ವಸ್ತ್ರದ ಉಡುಗೊರೆ ಪಡೆಯುತ್ತಿದ್ದ. ಗಾಯಕ್ಕೇ ಬಹುಮಾನ ಸಿಗುವಲ್ಲಿ ಗಾಯವನ್ನು ತಪ್ಪಿಸಿಕೊಳ್ಳುವ ವಿದ್ಯೆಗೆ ಬೆಲೆ ಎಲ್ಲಿಂದ ಬರಬೇಕು? ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಮಲ್ಲರು ಇಂದಿಗೂ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದಾರೆ. ಅವರ ಹಿಂದಿನ ಈ ನೋವು ಕಲ್ಲಿನಲ್ಲಿ ಕಾಣುವುದಿಲ್ಲ.

ಮೊದಲ ಹನಿಗೆ ನಿಲ್ಲುವ ಕಾಳಗ

ನೂನಿಜ್ ಹೇಳಿದ ಆ ಕೈಬಳೆಯ ಹತ್ತಿರದ ಸಂಬಂಧಿಯೊಂದು ಮೈಸೂರಿನಲ್ಲಿ ಇನ್ನೂ ಉಳಿದಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆಯನ್ನು ಆರಂಭಿಸಿದರು. ವಿಜಯನಗರದ ಮಹಾನವಮಿಯ ಹಲವು ಸಂಪ್ರದಾಯಗಳು ಅದರ ಮೂಲಕ ಮುಂದುವರಿದವು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಅವುಗಳಲ್ಲೊಂದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳವರು ತಲೆ ಬೋಳಿಸಿಕೊಂಡು, ಬೆರಳುಗಳ ನಡುವೆ ವಜ್ರನಖ ಧರಿಸಿ ಎದುರಾಗುತ್ತಾರೆ.

ಇಲ್ಲಿ ಗೆಲುವಿನ ಗುರುತು ರಕ್ತ. ಒಬ್ಬನ ತಲೆಯಲ್ಲಿ ರಕ್ತ ಜಿನುಗಿದ್ದೇ ತಡ ಉಸ್ತಾದರು ನಡುವೆ ಬಂದು ಬಿಡಿಸುತ್ತಾರೆ. ಬಹುಪಾಲು ಕಾಳಗಗಳು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತವೆ. ಹಿಂದೆ ಹಲ್ಲು ಕಣ್ಣು ಕಳೆದುಕೊಳ್ಳುವವರೆಗೆ ನಡೆಯುತ್ತಿದ್ದ ಕಾಳಗ ಇಲ್ಲಿ ಒಂದು ಹನಿಗೆ ಇಳಿದಿದೆ. ಆಯುಧ ಬದಲಾಗಲಿಲ್ಲ, ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ ಮಾತ್ರ ಬದಲಾಯಿತು.

ಹೀಗೆ ನಿಲ್ಲಿಸುವವರಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ರಣಧೀರ ಕಂಠೀರವನ ಕಥೆಯನ್ನು ನೆನೆಯಬಹುದು. ತಿರುಚಿನಾಪಳ್ಳಿಯ ಊರಬಾಗಿಲಿಗೆ ಮಲ್ಲನೊಬ್ಬ ತನ್ನ ಚಲ್ಲಣವನ್ನು ತೂಗುಹಾಕಿದ್ದ, ಅದರ ಕೆಳಗೆ ಹಾದುಹೋದವರೆಲ್ಲ ಅವನಿಗೆ ಸೋತಂತೆ ಎಂಬುದು ಸವಾಲು. ಕಂಠೀರವ ವೇಷ ಮರೆಸಿ ಹೋಗಿ ಅವನನ್ನು ಎದುರಿಸಿ ಕೊಂದ ಎಂದು ಜನ ಹೇಳುತ್ತಾರೆ. ಶೌರ್ಯದ ಕಥೆ ಎಂದೇ ಇದು ಪ್ರಸಿದ್ಧ. ಮಾನದ ಪ್ರಶ್ನೆಯೊಂದು ಕಣಕ್ಕಿಳಿದರೆ, ಬೆನ್ನು ಮಣ್ಣಿಗೆ ತಾಗಿದ ಮಾತ್ರಕ್ಕೆ ಸಮಾಧಾನವಾಗುವುದಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಬೇರೆ ದೇಶಗಳ ಪಾಠ

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಕಥೆಯಲ್ಲ. ಪ್ರಾಚೀನ ಗ್ರೀಸಿನ ಒಲಿಂಪಿಕ್ಸ್‌ನಲ್ಲಿ ‘ಪಂಕ್ರೇಷನ್’ ಎಂಬ ಮಲ್ಲಯುದ್ಧವಿತ್ತು. ಕಚ್ಚುವುದು, ಕಣ್ಣು ಕೀಳುವುದು ಬಿಟ್ಟರೆ ಉಳಿದುದೆಲ್ಲ ಸರಿ. ಎದುರಾಳಿ ಸೋಲೊಪ್ಪುವುದೇ ಗೆಲುವು. ಕ್ರಿಸ್ತಪೂರ್ವ 564ರಲ್ಲಿ ಆರಿಕಿಯಾನ್ ಎಂಬ ಮಲ್ಲ ಕತ್ತಿನ ಹಿಡಿತದಲ್ಲಿ ಸಿಕ್ಕಿಕೊಂಡೇ ಎದುರಾಳಿಯ ಪಾದವನ್ನು ತಿರುಚಿದ. ನೋವು ತಾಳದೆ ಎದುರಾಳಿ ಸೋಲೊಪ್ಪಿದ. ಆದರೆ ಆರಿಕಿಯಾನ್ ಅಷ್ಟರಲ್ಲಿ ಸತ್ತಿದ್ದ. ವಿಜಯಮಾಲೆಯನ್ನು ಹೆಣಕ್ಕೆ ತೊಡಿಸಲಾಯಿತು.

ಆಧುನಿಕ ಒಲಿಂಪಿಕ್ಸ್ ಕೂಡ ನಿಯಮಗಳನ್ನು ಕಲಿತದ್ದು ನಿಧಾನವಾಗಿ. 1896ರ ಅಥೆನ್ಸ್ ಕುಸ್ತಿಯಲ್ಲಿ ತೂಕದ ವರ್ಗಗಳೇ ಇರಲಿಲ್ಲ. 1912ರ ಸ್ಟಾಕ್‌ಹೋಮ್‌ನಲ್ಲಿ ಮಾರ್ಟಿನ್ ಕ್ಲೈನ್ ಮತ್ತು ಆಲ್ಫ್ರೆಡ್ ಅಸಿಕೈನೆನ್ ನಡುವಿನ ಒಂದು ಪಂದ್ಯ 11 ಗಂಟೆ 40 ನಿಮಿಷ ನಡೆಯಿತು. ಗೆದ್ದ ಕ್ಲೈನ್‌ಗೆ ಮುಂದಿನ ಪಂದ್ಯ ಆಡುವ ಶಕ್ತಿಯೇ ಉಳಿದಿರಲಿಲ್ಲ. ಇಂದು ಒಂದು ಪಂದ್ಯ ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿಯುತ್ತದೆ.

ಅಮೆರಿಕದಲ್ಲಿ 1905ರ ಒಂದೇ ಋತುವಿನಲ್ಲಿ ಅಲ್ಲಿನ ಬಗೆಯ ಫುಟ್‌ಬಾಲ್ ಆಡುತ್ತ ಸುಮಾರು 18 ಯುವಕರು ಸತ್ತರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಬೇಕೆಂದು ಹೇಳಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಅವಕಾಶ ಕೊಟ್ಟು, ಆಟಗಾರರೆಲ್ಲ ಒಂದೇ ಕಡೆ ಗುಂಪುಗೂಡಿ ನುಗ್ಗುವುದನ್ನು ಕಡಿಮೆ ಮಾಡಲಾಯಿತು.

ಬಾಕ್ಸಿಂಗ್‌ನ ಕಥೆ ಇನ್ನಷ್ಟು ಎಚ್ಚರಿಕೆ ಹೇಳುತ್ತದೆ. 1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನು ತಂದವು, ಮೂರು ನಿಮಿಷದ ಸುತ್ತುಗಳನ್ನು ತಂದವು. ಮುಖದ ಮೇಲಿನ ಗಾಯ ಕಡಿಮೆಯಾಯಿತು. ಆದರೆ ಮುಷ್ಟಿಯ ಮೂಳೆ ಮುರಿಯುವ ಭಯ ಹೋದದ್ದರಿಂದ ತಲೆಗೆ ಬಲವಾಗಿ ಹೊಡೆಯುವುದು ಸುಲಭವಾಯಿತು. ಎದುರಾಳಿಯ ಪ್ರಜ್ಞೆ ತಪ್ಪಿಸುವುದು ಗೆಲುವಿನ ಒಂದು ದಾರಿಯಾಗಿಯೇ ಉಳಿಯಿತು. ತಲೆಗೆ ಪದೇ ಪದೇ ಪೆಟ್ಟು ತಿಂದ ಮುಷ್ಟಿಮಲ್ಲರಲ್ಲಿ ಮುಂದೆ ನಡಿಗೆ ತಡವರಿಸುವುದು, ನೆನಪು ಕುಂದುವುದು ಕಾಣಿಸಿಕೊಳ್ಳುತ್ತದೆಂದು ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿ ಬರೆದರು. ಕಣ್ಣಿಗೆ ಕಾಣುವ ರಕ್ತವನ್ನು ನಿಲ್ಲಿಸಿದ ಮಾತ್ರಕ್ಕೆ ಒಳಗಿನ ಪೆಟ್ಟು ನಿಲ್ಲುವುದಿಲ್ಲ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಗರಡಿಯ ಕಟ್ಟುಪಾಡು

ಈ ಹಿನ್ನೆಲೆಯಲ್ಲಿ ನಮ್ಮ ಮಣ್ಣಿನ ಕುಸ್ತಿಯನ್ನು ನೋಡಬೇಕು. ಇಲ್ಲಿ ಗೆಲ್ಲಲು ಎದುರಾಳಿಯ ರಕ್ತ ಬೇಕಾಗಿಲ್ಲ, ಅವನ ಪ್ರಜ್ಞೆ ತಪ್ಪಬೇಕಾಗಿಲ್ಲ, ನೋವಿಗೆ ಅವನು ಚೀರಬೇಕಾಗಿಲ್ಲ. ಅವನ ಬೆನ್ನು ಮಣ್ಣಿಗೆ ತಾಗಿದರೆ ಸಾಕು. ‘ಚಿತ್’ ಆದವನು ಮೈ ಕೊಡವಿಕೊಂಡು ಎದ್ದು, ಗೆದ್ದವನ ಕೈ ಕುಲುಕಿ ಹೊರಗೆ ಬರಬಹುದು. ಗುದ್ದುವುದು, ಒದೆಯುವುದು, ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ನಿಷಿದ್ಧ. ಮೈಮೇಲೆ ಬೀಳುವ ಆಟಗಳಲ್ಲಿ ಇಷ್ಟು ಸೌಮ್ಯವಾದ ಗೆಲುವಿನ ಗುರುತು ಹೆಚ್ಚು ಕಡೆ ಸಿಗುವುದಿಲ್ಲ.

ಈ ಗುರುತನ್ನು ಕಾಪಾಡಲು ಗರಡಿ ಮನೆ ಮೂರು ಕಾವಲುಗಳನ್ನು ಇಟ್ಟುಕೊಂಡಿತ್ತು. ಮೊದಲನೆಯದು ಮಣ್ಣು. ಗರಡಿಯ ಮಟ್ಟಿ ಎಂದರೆ ಹೊಲದಿಂದ ತಂದು ಸುರಿದ ಮಣ್ಣಲ್ಲ. ಕಲ್ಲು ಹರಳು ಆರಿಸಿ, ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಮುಂತಾದವನ್ನು ಬೆರೆಸಿ ಹದಮಾಡುತ್ತಾರೆ. ದಿನವೂ ಅಗೆದು ಸಡಿಲ ಮಾಡುತ್ತಾರೆ. ಅಗೆಯುವುದೇ ಹುಡುಗರಿಗೆ ಒಂದು ಸಾಮು. ಆ ಸಡಿಲ ಮಣ್ಣು ಬಿದ್ದವನ ಭಾರವನ್ನು ತಾನು ಸ್ವಲ್ಪ ಹೊರುತ್ತದೆ.

ಎರಡನೆಯದು ಉಸ್ತಾದ. ಗರಡಿಗೆ ಸೇರಿದ ಹುಡುಗನಿಗೆ ಆತ ಮೊದಲ ದಿನವೇ ಎತ್ತಿ ಒಗೆಯುವುದನ್ನು ಕಲಿಸುವುದಿಲ್ಲ. ದಂಡ, ಬೈಠಕ್, ಗದೆ ತಿರುಗಿಸುವುದು, ಕತ್ತು ಗಟ್ಟಿಮಾಡುವ ಸಾಮು, ಬೀಳುವ ರೀತಿ ಇವೆಲ್ಲ ಆದಮೇಲೆ ಪಟ್ಟುಗಳು. ಯಾವ ಪಟ್ಟಿಗೆ ಯಾವ ಬಿಡುಗಡೆ ಎಂಬುದನ್ನು ತಿಳಿಯದವನ ಮೇಲೆ ಆ ಪಟ್ಟನ್ನು ಹಾಕಲು ಒಳ್ಳೆಯ ಉಸ್ತಾದ ಬಿಡುವುದಿಲ್ಲ. ಉಳುಕಿದ ಕೀಲನ್ನು ನೀವುವುದು, ಎಣ್ಣೆ ಹಚ್ಚಿ ತಿಕ್ಕುವುದು ಕೂಡ ಅವನ ವಿದ್ಯೆಯ ಭಾಗವೇ ಆಗಿತ್ತು.

ಮೂರನೆಯದು ಜೋಡಿ ಕಟ್ಟುವುದು. ಮೈಸೂರಿನ ದಸರಾ ಕುಸ್ತಿಗೆ ಮೊದಲು ಇಂದಿಗೂ ಪೈಲ್ವಾನರನ್ನು ಒಂದು ದಿನ ಕೂಡಿಸಿ, ಹಿರಿಯರು ಮೈಕಟ್ಟು ನೋಡಿ, ಅನುಭವ ಕೇಳಿ ಜೋಡಿ ಕಟ್ಟುತ್ತಾರೆ. ‘ಮಾನಸೋಲ್ಲಾಸ’ದ ವಿಂಗಡಣೆ, ಪಾಯೆಸ್ ಕಂಡ ತೀರ್ಪುಗಾರರು, ಇಂದಿನ ತೂಕದ ವರ್ಗ ಎಲ್ಲದರ ಉದ್ದೇಶವೂ ಇದೇ.

ದಾವಣಗೆರೆಗೂ ಕುಸ್ತಿಗೂ ನಂಟು ಹಳೆಯದು. ಹೈದರ್ ಅಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಮುಖಂಡನಿಗೆ ಜಹಗೀರಾಗಿ ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿ ಪೇಟೆ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತು. ಇಂಥ ದುಡಿಯುವ ಜನರ ಊರುಗಳಲ್ಲಿ ಗರಡಿ ಮನೆ ಕಟ್ಟುಮಸ್ತು ಮೈಗೂ ಶಿಸ್ತಿಗೂ ಇದ್ದ ಜಾಗ. ಇಂದು ರಾಜ್ಯ ಕ್ರೀಡಾ ಇಲಾಖೆಯ ಕುಸ್ತಿ ವಸತಿನಿಲಯವೂ ದಾವಣಗೆರೆಯಲ್ಲಿದೆ. ಅಲ್ಲಿನ ಹುಡುಗರು ಕಲಿಯುವುದು ಮ್ಯಾಟಿನ ಮೇಲಿನ ಅಂತರರಾಷ್ಟ್ರೀಯ ಕುಸ್ತಿ. ಅದರ ನಿಯಮಗಳು ಗರಡಿಯ ಕಟ್ಟುಪಾಡನ್ನು ಅಕ್ಷರದಲ್ಲಿ ಬರೆದಂತಿವೆ. ಕೂದಲು ಹಿಡಿಯುವಂತಿಲ್ಲ, ಉಸಿರು ಕಟ್ಟಿಸುವಂತಿಲ್ಲ, ತೋಳನ್ನು 90 ಡಿಗ್ರಿಗಿಂತ ಹೆಚ್ಚು ತಿರುಚುವಂತಿಲ್ಲ.

ಉಳಿದಿರುವ ಅಪಾಯ

ಇಷ್ಟೆಲ್ಲ ಇದ್ದರೂ ಕುಸ್ತಿ ಅಪಾಯವಿಲ್ಲದ ಆಟವಲ್ಲ. ಪಳಗಿದ ಪೈಲ್ವಾನನ ಗುರುತು ಅವನ ಕಿವಿ. ಉಜ್ಜಾಟದಲ್ಲಿ ಕಿವಿಯ ಚರ್ಮಕ್ಕೂ ಒಳಗಿನ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಬೇಗನೆ ವೈದ್ಯರಿಂದ ಅದನ್ನು ತೆಗೆಸದಿದ್ದರೆ ಗಟ್ಟಿಯಾಗಿ ಕಿವಿ ಶಾಶ್ವತವಾಗಿ ಮುದುಡುತ್ತದೆ. ಗರಡಿಗಳಲ್ಲಿ ಇದನ್ನು ಬಿರುದಿನಂತೆ ಹೊತ್ತವರಿದ್ದಾರೆ. ಮೊಣಕಾಲು, ಭುಜದ ಕೀಲುಗಳಿಗೆ ಪೆಟ್ಟಾಗುವುದು ಸಾಮಾನ್ಯ. ಒಬ್ಬರ ಮೈಯಿಂದ ಇನ್ನೊಬ್ಬರಿಗೆ ಹರಡುವ ಗಜಕರ್ಣದಂಥ ಚರ್ಮರೋಗಗಳೂ ಉಂಟು.

ಇವೆಲ್ಲಕ್ಕಿಂತ ದೊಡ್ಡದು ಕತ್ತು. ಎತ್ತಿ ಒಗೆದಾಗ ತಲೆ ಮೊದಲು ನೆಲಕ್ಕೆ ತಾಗಿದರೆ ಕತ್ತಿನ ಮೂಳೆ ಜರುಗಿ ಬೆನ್ನುಹುರಿಗೆ ಪೆಟ್ಟಾಗಬಹುದು. ಆಗ ಕೈಕಾಲುಗಳ ಶಕ್ತಿಯೇ ಹೋಗಬಹುದು, ಪ್ರಾಣವೂ ಹೋಗಬಹುದು. ಇಂಥ ಹೊತ್ತಿನಲ್ಲಿ ಸುತ್ತಲಿನವರು ಪ್ರೀತಿಯಿಂದ ಮಾಡುವ ಕೆಲಸವೇ ಅಪಾಯಕಾರಿ. ಬಿದ್ದವನನ್ನು ತೋಳು ಹಿಡಿದು ಎಬ್ಬಿಸುವುದು, ಕತ್ತು ನೀವುವುದು, ನೀರು ಕುಡಿಸುವುದು, ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಓಡುವುದು ಇವೆಲ್ಲ ಅರ್ಧ ಕೆಟ್ಟದ್ದನ್ನು ಪೂರ್ತಿ ಕೆಡಿಸಬಲ್ಲವು. ತಲೆ, ಕತ್ತು ಅಲುಗದಂತೆ ಹಿಡಿದು, ಆಂಬುಲೆನ್ಸ್ ಬಂದ ಮೇಲೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಉಸ್ತಾದನ ಕೈಗುಣ ಉಳುಕಿಗೆ ಸರಿ. ಕತ್ತಿನ ಮೂಳೆಗೆ ಅದು ಸಲ್ಲದು. ತಲೆಗೆ ಪೆಟ್ಟಾಗಿ ಒಂದು ಗಳಿಗೆ ಮಂಕಾದವನ ವಿಷಯದಲ್ಲೂ ಹೀಗೆಯೇ. ಅವನು ‘ಏನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಅಖಾಡಕ್ಕೆ ಇಳಿಸಬಾರದು.

ಮ್ಯಾಟಿನ ಕುಸ್ತಿಯ ಅಪಾಯ ಕೆಲವೊಮ್ಮೆ ಮ್ಯಾಟಿನ ಹೊರಗೇ ಇರುತ್ತದೆ. ಅಸಮಾನ ಜೋಡಿ ತಪ್ಪಿಸಲು ಬಂದ ತೂಕದ ವರ್ಗ ತಾನೇ ಒಂದು ತೊಡಕಾಯಿತು. ಕೆಳಗಿನ ವರ್ಗದಲ್ಲಿ ಆಡಿದರೆ ಲಾಭವೆಂದು ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸುವ ಚಾಳಿ ಬೆಳೆಯಿತು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆಮೇಲೆ ಅಲ್ಲಿ ರಬ್ಬರ್ ಉಡುಪು, ಬಿಸಿ ಕೋಣೆಗಳ ಬಳಕೆಯನ್ನು ನಿಷೇಧಿಸಲಾಯಿತು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ದಿನ ವಿನೇಶ್ ಫೋಗಟ್ 50 ಕಿಲೋ ವರ್ಗದಲ್ಲಿ 100 ಗ್ರಾಂ ಹೆಚ್ಚಾಗಿ ಅನರ್ಹರಾದಾಗ ದೇಶ ಮರುಗಿತು. ಹಿಂದಿನ ರಾತ್ರಿಯಿಡೀ ನಿದ್ದೆಗೆಟ್ಟು ತೂಕ ಇಳಿಸಲು ಆಕೆ ಪಟ್ಟ ಪಾಡು ಆಗ ಮನೆಮಾತಾಯಿತು. ಪದಕ ತಪ್ಪಿದ್ದರ ಚರ್ಚೆ ಬಹಳ ನಡೆಯಿತು. ಆ ಒಂದು ರಾತ್ರಿ ದೇಹಕ್ಕೆ ಆಗಬಹುದಾಗಿದ್ದ ಹಾನಿಯ ಚರ್ಚೆ ಅಷ್ಟು ನಡೆಯಲಿಲ್ಲ.

ಜಾತ್ರೆಯ ಅಖಾಡದ ಸಮಸ್ಯೆ ಬೇರೆ. ಅಲ್ಲಿ ತೂಕದ ಯಂತ್ರ ಇರುವುದು ಅಪರೂಪ. ಗರಡಿಯ ಮಟ್ಟಿ ವರ್ಷವಿಡೀ ಹದಗೊಂಡ ಮಣ್ಣು, ಜಾತ್ರೆಯ ಮಟ್ಟಿ ಹಿಂದಿನ ದಿನ ಟ್ರ್ಯಾಕ್ಟರಿನಲ್ಲಿ ತಂದು ಸುರಿದದ್ದಾಗಿರಬಹುದು. ಹತ್ತು ದಿನ ಸಾಮು ಮಾಡಿದ ಹುಡುಗ ಗೆಳೆಯರ ಕೇಕೆಗೆ ಉಬ್ಬಿ, ಹತ್ತು ವರ್ಷ ಪಳಗಿದವನ ಎದುರು ನಿಲ್ಲುತ್ತಾನೆ. ಸಂಜೆ ಕತ್ತಲಾಗುತ್ತ ಬಂದಂತೆ ಉಳಿದ ಜೋಡಿಗಳನ್ನು ಬೇಗ ಮುಗಿಸುವ ಅವಸರವಾಗುತ್ತದೆ. ಬಹುಮಾನದ ಮೊತ್ತ, ಊರಿನ ಮಾನ, ಬಾಜಿ ಇವು ಸೇರಿದರೆ ಬೆನ್ನು ಮಣ್ಣಿಗೆ ತಾಗಿತೇ ಇಲ್ಲವೇ ಎಂಬುದೇ ಜಗಳವಾಗುತ್ತದೆ. ಭರತನ ಚಕ್ರ ಹೊರಬರುವುದು ಇಂಥ ಗಳಿಗೆಯಲ್ಲಿ.

ಕಬಡ್ಡಿಗೂ ಈ ಮಾತು ಅನ್ವಯಿಸುತ್ತದೆ. ಉಸಿರು ಕಟ್ಟಿಸಲು ಬಾಯಿ ಮುಚ್ಚುವುದು, ಕಾಲುಗಳಿಂದ ಕತ್ತರಿ ಹಾಕಿ ಹಿಡಿಯುವುದು ತಪ್ಪು ಎಂದು ನಿಯಮ ಹೇಳುತ್ತದೆ. ರಾತ್ರಿ ದೀಪದ ಬೆಳಕಿನಲ್ಲಿ, ಗಟ್ಟಿ ನೆಲದ ಮೇಲೆ, ನಿಯಮ ತಿಳಿಯದ ತೀರ್ಪುಗಾರನ ಮುಂದೆ ನಡೆಯುವ ಪಂದ್ಯಗಳಲ್ಲಿ ಆ ನಿಯಮ ಪುಸ್ತಕದಲ್ಲೇ ಉಳಿಯುತ್ತದೆ.

ಕಾವಲು ಇದ್ದರೆ ಆಟ

ಹಾಗೆಂದು ಜಾತ್ರೆಯ ಕುಸ್ತಿಯನ್ನೇ ನಿಲ್ಲಿಸಬೇಕೆನ್ನುವುದು ಪರಿಹಾರವಲ್ಲ. ಹಳ್ಳಿಯ ಹುಡುಗನಿಗೆ ಹಣ ಖರ್ಚಿಲ್ಲದೆ ಸಿಗುವ ವ್ಯಾಯಾಮ, ಶಿಸ್ತು, ಊರವರ ಎದುರು ತಲೆಯೆತ್ತಿ ನಿಲ್ಲುವ ಅವಕಾಶ ಅದರಲ್ಲಿದೆ. ಜಾತಿ ಮತ ಕೇಳದೆ ಮೈ ತಾಗಿಸುವ ಅಖಾಡಗಳು ನಮ್ಮ ಊರುಗಳಲ್ಲಿ ಎಷ್ಟಿವೆ? ಗರಡಿಯ ಮಣ್ಣಿನಲ್ಲಿ ಹೊರಳಿದವರಿಗೆ ಒಬ್ಬರ ಬೆವರು ಇನ್ನೊಬ್ಬರಿಗೆ ಮೈಲಿಗೆಯಾಗುವುದಿಲ್ಲ.

ಬೇಕಾಗಿರುವುದು ಹಳೆಯ ಕಾವಲುಗಳ ಜೊತೆಗೆ ಹೊಸ ಕಾಲದ ಒಂದೆರಡು ಕಾವಲು. ಜಾತ್ರೆಯ ಕಮಿಟಿಯವರು ಪೆಂಡಾಲಿಗೆ, ಮೈಕಿಗೆ, ಬೆಳ್ಳಿ ಗದೆಗೆ ಹಣ ಕೂಡಿಸುವಾಗ ಇನ್ನು ನಾಲ್ಕು ಬಾಬ್ತುಗಳನ್ನು ಸೇರಿಸಿಕೊಳ್ಳಬಹುದು: ಮೊಳದ ಆಳಕ್ಕೆ ಅಗೆದು ಹರಳು ಆರಿಸಿದ ಮಣ್ಣು, ಬೆಳಿಗ್ಗೆಯೇ ತೂಕ ನೋಡಿ ಕಟ್ಟಿದ ಜೋಡಿ, ಮಾತು ನಡೆಯುವ ಒಬ್ಬ ತೀರ್ಪುಗಾರ, ಅಖಾಡದ ಬದಿಯಲ್ಲಿ ಒಂದು ಆಂಬುಲೆನ್ಸ್. ಹದಡಿಯಿಂದ ದಾವಣಗೆರೆಯ ಆಸ್ಪತ್ರೆಗಳು ದೂರವಿಲ್ಲ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇರುವ ನಗರ ಅದು. ಆದರೆ ಬಿದ್ದವನನ್ನು ಹೇಗೆ ಎತ್ತಬೇಕೆಂದು ತಿಳಿದವರು ಇಲ್ಲದಿದ್ದರೆ ಆ ಹತ್ತು ಹದಿನೈದು ಕಿಲೋಮೀಟರೇ ಬಹಳ ದೂರ.

ಸಾವಿರ ವರ್ಷಗಳ ಈ ಕಥೆಯಲ್ಲಿ ಬಲಶಾಲಿಗಳಿಗೆ ಕೊರತೆ ಇರಲಿಲ್ಲ. ಗಾಯಗೊಂಡವನಿಗೆ ರೇಷ್ಮೆ ಕೊಟ್ಟ ಕಾಲವೂ ಬಂತು, ಮೊದಲ ಹನಿಗೆ ಕೈ ಬಿಡಿಸಿದ ಕಾಲವೂ ಬಂತು. ಎರಡಕ್ಕೂ ನಡುವಿನ ವ್ಯತ್ಯಾಸ ಅಖಾಡದೊಳಗಿನ ಇಬ್ಬರಿಂದ ಬಂದದ್ದಲ್ಲ, ಸುತ್ತ ನಿಂತವರಿಂದ ಬಂದದ್ದು. ಮುಂದಿನ ಜಾತ್ರೆಯಲ್ಲಿ ಹಲಗೆ ಬಡಿತ ಏರಿದಾಗ, ಎತ್ತಿ ಹಿಡಿದವನಿಗೆ ‘ಒಗಿ’ ಎಂದು ಕೂಗುವವರೂ ಸುತ್ತ ನಿಂತವರೇ. ಎತ್ತಿದವನು ಎದುರಾಳಿಯ ಕತ್ತನ್ನು ಉಳಿಸಿ ಬೆನ್ನನ್ನಷ್ಟೇ ಮಣ್ಣಿಗೆ ತಾಗಿಸಿದಾಗ ಅವರ ಚಪ್ಪಾಳೆ ಇನ್ನೂ ಜೋರಾಗಿ ಕೇಳಿಸಿದರೆ, ಗುಂಪಿನ ಹಿಂದೆ ನಿಂತ ಆ ತಂದೆ ಹಿಡಿದ ಉಸಿರನ್ನು ನಿರಾಳವಾಗಿ ಬಿಡಬಹುದು.